ಅಕ್ಟೋಬರ್ 9ರಿಂದ ಹಗಲು ಪೂರ್ತಿ ನಿಮ್ಮ ಕೆಲಸ, ಉದ್ರಿ ಮಾತ್ರ ಇಲ್ಲ

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು
ಅಕ್ಟೋಬರ್ 3, 2019

ಮಾನ್ಯ ಗ್ರಾಹಕರೇ,

ಇಷ್ಟು ದಿನ ನಮ್ಮ ಲೇತ್ ವರ್ಕ್‌ಶಾಪ್‌ನಲ್ಲಿ ನಿಮ್ಮ ಕೆಲಸವನ್ನು ಸಂಜೆ ಐದರ ಮೇಲೆ ಮಾತ್ರ ತೆಗೆದುಕೊಳ್ಳುತ್ತಿದ್ದೆವು. ಹಗಲು ಹೊತ್ತು ನಮ್ಮ ಲೇತ್‌ಗಳಲ್ಲಿ ಬೈಕ್ ಕಂಪನಿಗೆ ಹೋಗುವ ಬುಶ್, ಪಿನ್‌ನಂಥ ಬಿಡಿಭಾಗಗಳೇ ಓಡುತ್ತಿದ್ದವು. ವಿಜಯದಶಮಿಯ ಮಾರನೇ ದಿನ, ಅಂದರೆ ಅಕ್ಟೋಬರ್ 9ರ ಬುಧವಾರದಿಂದ, ಬೆಳಗ್ಗೆ 9ರಿಂದ ಸಂಜೆ 7ರ ಒಳಗೆ ಯಾವಾಗ ಬೇಕಾದರೂ ಬನ್ನಿ. ರಾತ್ರಿ ಪಾಳಿ ಇರುವುದಿಲ್ಲ. ಮಜೂರಿ ಸ್ವಲ್ಪ ಜಾಸ್ತಿಯಾಗಿದೆ, ಉದ್ರಿ ನಿಂತಿದೆ. ಯಾಕೆ ಅಂತ ಹೇಳಬೇಕಲ್ವಾ?

ಬೈಕ್ ಮಾರಾಟ ಬಿದ್ದಿರುವುದು ನಿಮಗೆ ಗೊತ್ತೇ ಇದೆ. ಆಗಸ್ಟ್‌ನಲ್ಲಿ ದೇಶದ ದ್ವಿಚಕ್ರ ವಾಹನ ಮಾರಾಟ ಹೋದ ವರ್ಷದ ಆಗಸ್ಟ್‌ಗಿಂತ ಶೇ 22ರಷ್ಟು ಇಳಿಯಿತು. ಒಂದೇ ಏಟಿಗೆ ಆದದ್ದಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕಟ್ಟಬೇಕಾಯಿತು. ಅದೇ ಹೊತ್ತಿಗೆ ಐಎಲ್ ಅಂಡ್ ಎಫ್ಎಸ್ ಅನ್ನುವ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಮುಗ್ಗರಿಸಿತು, ಫೈನಾನ್ಸ್ ಕಂಪನಿಗಳು ಕೈ ಬಿಗಿ ಮಾಡಿದವು. ಈ ಏಪ್ರಿಲ್‌ನಲ್ಲಿ ಸುರಕ್ಷತೆಗೆ ಅಂತ ಎಬಿಎಸ್ ಇಲ್ಲವೇ ಸಿಬಿಎಸ್ ಬ್ರೇಕ್ ಕಡ್ಡಾಯವಾಗಿ ಬೆಲೆ ಇನ್ನೂ ಏರಿತು. ಬರುವ ಏಪ್ರಿಲ್ 1ರಿಂದ ಹೊಗೆ ನಿಯಮದ ಹೊಸ ಹಂತ, ಬಿಎಸ್-6. ಆಮೇಲೆ ಬಿಎಸ್-4 ಗಾಡಿ ಮಾರುವಂತಿಲ್ಲ. ಹಾಗಾಗಿ ಡೀಲರ್ ಸ್ಟಾಕ್ ಇಟ್ಟುಕೊಳ್ಳಲು ಹೆದರುತ್ತಾನೆ. ಡೀಲರ್ ಎತ್ತದಿದ್ದರೆ ಕಂಪನಿ ಗಾಡಿ ಜೋಡಿಸುವುದಿಲ್ಲ. ಜೋಡಿಸದಿದ್ದರೆ ನಮ್ಮ ಬುಶ್ ಯಾರಿಗೆ ಬೇಕು? ನಮ್ಮ ಆರ್ಡರ್ ಅರ್ಧಕ್ಕಿಂತ ಕೆಳಗೆ ಬಂದಿದೆ.

ಹೋದ ತಿಂಗಳು ಗೋವಾದಲ್ಲಿ ಸೇರಿದ ಜಿಎಸ್‌ಟಿ ಕೌನ್ಸಿಲ್ ಬೈಕ್ ಮೇಲಿನ ಶೇ 28 ತೆರಿಗೆ ಇಳಿಸಲಿಲ್ಲ. ನಮ್ಮಂಥವರು ಬೇರೆಯವರ ಮಾಲಿಗೆ ಮಾಡಿಕೊಡುವ ಜಾಬ್ ವರ್ಕ್ ಮೇಲಿನದನ್ನು 18ರಿಂದ 12ಕ್ಕೆ ಇಳಿಸಿತು. ಒಳ್ಳೆಯದೇ. ಆದರೆ ತೆರಿಗೆ ಹಾಕೋಕೆ ಮೊದಲು ಜಾಬ್ ಇರಬೇಕಲ್ಲ.

ಇಂಥ ಹೊತ್ತಲ್ಲಿ ಮೊದಲು ಹೋಗುವುದು ಗುತ್ತಿಗೆ ಹುಡುಗರ ಕೆಲಸ. ಕೂರ್ಗಳ್ಳಿ, ಮೇಟಗಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದವರು ಊರಿನ ಬಸ್ ಹತ್ತುತ್ತಿದ್ದಾರೆ. ಅವರಿಗೆ ಯಾರೂ ಕಾಗದ ಕೊಡುವುದಿಲ್ಲ. "ಕೆಲಸ ಬಂದ್ರೆ ಫೋನ್ ಮಾಡ್ತೀವಿ" ಅಂದರೆ ಮುಗಿಯಿತು. ಲೇ-ಆಫ್ ಆದ, ಅಂದರೆ ಕೆಲಸವಿಲ್ಲ ಅಂತ ಮನೆಯಲ್ಲಿ ಕೂರಿಸಿದ ದಿನಗಳಿಗೆ ಅರ್ಧ ಸಂಬಳ ಕೊಡಬೇಕು ಅಂತ ಕಾನೂನಿದೆ, ಆದರೆ 50ಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಗೆ ಆ ಕಲಂ ತಗಲುವುದಿಲ್ಲ. ನಮ್ಮಲ್ಲಿರುವುದು ಹನ್ನೊಂದು ಜನ. ನಾಲ್ಕು ಜನರನ್ನು ಮನೆಗೆ ಕಳಿಸಿದ್ದರೆ ನಮ್ಮನ್ನು ಕೇಳುವವರು ಯಾರೂ ಇರಲಿಲ್ಲ.

ಕಳಿಸಲಿಲ್ಲ. ದೊಡ್ಡ ಮನಸ್ಸು ಅಂತ ಸುಮ್ನೆ ಹೊಗಳಬೇಡಿ, ನಮ್ಮ ಲೆಕ್ಕವೂ ಇದೆ. ನಮ್ಮ ಹಿರಿಯ ಟರ್ನರ್ ಯೆಜ್ಡಿ ಬೈಕ್ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಕೈ ಪಳಗಿಸಿಕೊಂಡವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವರ ಜೊತೆಯವರಲ್ಲಿ ಕೆಲವರು ಗ್ಯಾರೇಜ್ ಹಾಕಿದರು, ಕೆಲವರು ಮತ್ತೆ ಮಷಿನ್ ಮುಟ್ಟಲೇ ಇಲ್ಲ. ಯೆಜ್ಡಿ ಎಂಜಿನ್‌ನ ಕ್ರ್ಯಾಂಕ್ ಬಿಚ್ಚಿ, ಪಿನ್, ಬೇರಿಂಗ್ ಬದಲಿಸಿ, ಪ್ರೆಸ್‌ನಲ್ಲಿ ಕೂರಿಸಿ, ಡಯಲ್ ಗೇಜ್ ಇಟ್ಟು ನೇರ ಮಾಡುವವರನ್ನು ಹುಡುಕಿಕೊಂಡು ಇವತ್ತು ಬೆಂಗಳೂರಿನಿಂದಲೂ ಜನ ಬರುತ್ತಾರೆ. ಆ ಕೆಲಸವನ್ನು ಇಬ್ಬರು ಐಟಿಐ ಹುಡುಗರು ಈಗಷ್ಟೇ ಅವರಿಂದ ಕಲಿಯುತ್ತಿದ್ದಾರೆ. ಇವತ್ತು ಕಳಿಸಿದರೆ ಆರ್ಡರ್ ವಾಪಸ್ ಬರುವ ಹೊತ್ತಿಗೆ ಅವರು ಡೆಲಿವರಿ ಬ್ಯಾಗ್ ಹಾಕಿಕೊಂಡು ಬೆಂಗಳೂರು ಸುತ್ತುತ್ತಿರುತ್ತಾರೆ. ಹಾಗಾಗಿ ಎಲ್ಲರೂ ಸರದಿಯ ಮೇಲೆ ವಾರಕ್ಕೆ ಐದು ದಿನ ಕೆಲಸ ಮಾಡುತ್ತೇವೆ. ಪಾಲುದಾರರಾದ ನಾವು ಸದ್ಯಕ್ಕೆ ಅರ್ಧ ಹಣ ತೆಗೆದುಕೊಳ್ಳುತ್ತೇವೆ.

ಶೆಡ್ ಬಾಡಿಗೆ, ಸೆಸ್ಕ್ ಕರೆಂಟ್ ಬಿಲ್ ಎಲ್ಲ ಕಂಪನಿ ಕೆಲಸದಲ್ಲೇ ಹುಟ್ಟುತ್ತಿತ್ತು. ಮಷಿನ್ ನಿಂತರೂ ಫಿಕ್ಸೆಡ್ ಚಾರ್ಜ್ ನಿಲ್ಲುವುದಿಲ್ಲ. ಅದಕ್ಕೇ ಸಣ್ಣಪುಟ್ಟ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ 150 ರೂಪಾಯಿ ಇನ್ನು 200. ಕ್ರ್ಯಾಂಕ್ ಕೆಲಸದ ದರ ಮೊದಲಿನಷ್ಟೇ.

ಮಂಡ್ಯ, ಪಾಂಡವಪುರ ಕಡೆಯಿಂದ ಆಲೆಮನೆ ಗಾಣದ ಶಾಫ್ಟ್ ತರುವವರ ಕೆಲಸವನ್ನು ಬೇರೆಲ್ಲ ಪಕ್ಕಕ್ಕಿಟ್ಟು ಅವತ್ತೇ ಮಾಡಿಕೊಡುತ್ತೇವೆ. ಕಡಿದ ಕಬ್ಬು ಕಾಯುವುದಿಲ್ಲ. ಬೈಕಿನವರು ಬೇಸರ ಮಾಡಿಕೊಳ್ಳಬಾರದು.

ಗ್ಯಾರೇಜ್ ಮಾಲೀಕರಿಗೆ ಒಂದು ಮಾತು. ನಮ್ಮಲ್ಲಿ ಸಂಬಳದ ಬಟವಾಡೆ ಶನಿವಾರ. ಆದ್ದರಿಂದ ವಾರದ ಲೆಕ್ಕ ಮುಂದಿನ ವಾರಕ್ಕೆ ಉದ್ರಿಯಾಗಿ ಉಳಿಯದೆ ಶುಕ್ರವಾರ ಸಂಜೆಯೊಳಗೆ ಚುಕ್ತಾ ಆಗಬೇಕು. ಹಳೆ ಬಾಕಿಯನ್ನು ಸಂಕ್ರಾಂತಿಯೊಳಗೆ ಕಂತಿನಲ್ಲಿ ಕೊಡಿ, ಬಡ್ಡಿ ಕೇಳುವುದಿಲ್ಲ. ಮುಂದೆ ಕಂಪನಿ ಆರ್ಡರ್ ಮೊದಲಿನ ಹಾಗೆ ಬಂದರೂ ಎರಡು ಲೇತ್ ಹಗಲು ಹೊತ್ತು ನಿಮಗೇ ಇರುತ್ತವೆ. ಇದನ್ನು ಬರೆದೇ ಕೊಡುತ್ತಿದ್ದೇವೆ.

7ರ ಸೋಮವಾರ ಬೆಳಗ್ಗೆ ಆಯುಧಪೂಜೆ, ಎಲ್ಲರೂ ಬನ್ನಿ. 8ರಂದು ರಜೆ. ಪೂಜೆಗೆ ರ್‍ಯಾಕ್ ತೊಳೆಯುವಾಗ ಚೀಟಿ ಹರಿದುಹೋದ ಮೂರು ಕ್ರ್ಯಾಂಕ್, ಒಂದು ಪಂಪ್ ಶಾಫ್ಟ್ ಸಿಕ್ಕಿವೆ. ನಿಮ್ಮದಾಗಿದ್ದರೆ ದೀಪಾವಳಿಯೊಳಗೆ ಗುರುತು ಹೇಳಿ ತೆಗೆದುಕೊಂಡು ಹೋಗಿ.

ಇಂತಿ,
ವರ್ಕ್‌ಶಾಪ್‌ನ ಪಾಲುದಾರರು