ಶೂ ಬೇಹೋಂಗ್ ಬರೀ ಕುದುರೆಗಳ ಕಲಾವಿದರಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚೀನಾದ ಚಿತ್ರಕಾರ ಶೂ ಬೇಹೋಂಗ್ (1895–1953) ಅವರನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಯೀಶಿಂಗ್‌ನಲ್ಲಿ ಹುಟ್ಟಿ, ತಂದೆಯ ಬಳಿಯೇ ಕುಂಚ ಹಿಡಿಯಲು ಕಲಿತು, 1919ರಲ್ಲಿ ಪ್ಯಾರಿಸಿಗೆ ತೆರಳಿ, ಯುರೋಪಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ 1927ರಲ್ಲಿ ತಾಯ್ನಾಡಿಗೆ ಮರಳಿದ ವಿವರಗಳೆಲ್ಲ ಅಲ್ಲಿ ಸರಿಯಾಗಿಯೇ ಇವೆ. ಆದರೆ ಉದ್ದಕ್ಕೂ ಅವರನ್ನು ‘ಕುದುರೆಗಳ ಕಲಾವಿದ’ ಎಂದೇ ಕರೆದು, ಅವರು ಶಾಂತಿನಿಕೇತನದಲ್ಲಿ ಕಳೆದ ದಿನಗಳ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದು ನನಗೆ ಸರಿಕಾಣಲಿಲ್ಲ.

ಕುದುರೆಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಚಿತ್ರಕಲಾ ಶಿಕ್ಷಕನಾಗಿದ್ದ ದಿನಗಳಲ್ಲಿ ಅವುಗಳ ಮುದ್ರಿತ ಪ್ರತಿಯೊಂದನ್ನು ತರಗತಿಯ ಗೋಡೆಗೆ ಅಂಟಿಸಿಕೊಂಡಿದ್ದವನು ನಾನು. ಕೇಸರಕ್ಕೂ ಬಾಲಕ್ಕೂ ಒಣಗಿದ ಕುಂಚದ ಬಿರುಸು ಗೀರುಗಳು, ಎದೆಗೆ ಮತ್ತು ಹಿಂಭಾಗಕ್ಕೆ ನೀರು ತುಂಬಿದ ಮಸಿಯ ಅಗಲವಾದ ಎಳೆತ. ಮಸಿ ಹೀರುವ ಆ ಕಾಗದದ ಮೇಲೆ ಒಮ್ಮೆ ಬಿದ್ದ ಗೆರೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ರಬ್ಬರನ್ನೇ ನೆಚ್ಚಿಕೊಂಡಿದ್ದ ನನ್ನ ಮಕ್ಕಳಿಗೆ ಇದನ್ನು ನಂಬಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಆದರೆ 1939ರ ಕೊನೆಯಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಅವರು ಭಾರತಕ್ಕೆ ಬಂದಾಗ ಚೀನಾ ಜಪಾನಿನ ದಾಳಿಗೆ ಸಿಕ್ಕಿ ನಲುಗುತ್ತಿತ್ತು, ಮತ್ತು ಚಿತ್ರಗಳನ್ನು ಮಾರಿ ಬಂದ ಹಣವನ್ನು ಯುದ್ಧಸಂತ್ರಸ್ತರಿಗೆ ಕಳುಹಿಸುವುದು ಅವರ ಪ್ರವಾಸಗಳ ಒಂದು ಮುಖ್ಯ ಉದ್ದೇಶವಾಗಿತ್ತು. 1940ರ ಫೆಬ್ರುವರಿಯಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದಾಗ ಅವರ ರೇಖಾಚಿತ್ರವನ್ನು ಬರೆದವರು ಇವರೇ. ಅದೇ ವರ್ಷ, ನಮ್ಮ ನೆಲದಲ್ಲಿಯೇ, ತಮ್ಮ ಅತ್ಯಂತ ಮಹತ್ವಾಕಾಂಕ್ಷೆಯ ಕೃತಿಯಾದ ‘ಬೆಟ್ಟ ಸರಿಸಿದ ಬೆಪ್ಪು ಮುದುಕ’ನನ್ನು ಅವರು ರಚಿಸಿದರು. ಮನೆಯೆದುರು ಅಡ್ಡಲಾಗಿದ್ದ ಎರಡು ಬೆಟ್ಟಗಳನ್ನು ಅಗೆದು ಹಾಕಲು ಹೊರಟ ತೊಂಬತ್ತರ ಮುದುಕ, ನಕ್ಕವರಿಗೆ, ತಾನು ಸತ್ತರೆ ಮಕ್ಕಳು, ಅವರ ನಂತರ ಮೊಮ್ಮಕ್ಕಳು ಅಗೆಯುತ್ತಾರೆ, ಬೆಟ್ಟವಂತೂ ಬೆಳೆಯುವುದಿಲ್ಲವಲ್ಲ ಎಂದು ಉತ್ತರಿಸುವ ಹಳೆಯ ಚೀನೀ ಕಥೆಯದು. ಯುದ್ಧಕಾಲದ ಚೀನೀಯರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲ್ಕು ಮೀಟರಿಗೂ ಹೆಚ್ಚು ಅಗಲದ ಆ ಮಸಿಚಿತ್ರದಲ್ಲಿ ಹಾರೆಗುದ್ದಲಿಗಳನ್ನು ತಲೆಯ ಮೇಲಕ್ಕೆತ್ತಿ ನಿಂತ ಬೆತ್ತಲೆ ಗಂಡಸರ ಮೈಕಟ್ಟಿಗೆ ಮಾದರಿಯಾದವರು ಭಾರತೀಯರು. ಚೀನೀ ಸಂಪ್ರದಾಯದಲ್ಲಿ ಬತ್ತಲೆ ದೇಹವೇ ಅಪರೂಪವಾಗಿದ್ದಾಗ, ಪ್ಯಾರಿಸಿನಲ್ಲಿ ಕಲಿತ ಅಂಗರಚನೆ, ಚೀನಾದ ಕುಂಚ, ನಮ್ಮವರ ತೋಳು ಮೂರೂ ಅಲ್ಲಿ ಒಂದೇ ಕಾಗದದ ಮೇಲೆ ಕೂಡಿದವು.

ಲೇಖಕರು ಅವರನ್ನು ಎಲ್ಲ ಹೊಸತಿಗೂ ತೆರೆದುಕೊಂಡವರೆಂದು ಹೊಗಳಿರುವುದೂ ಅಷ್ಟು ನಿಜವಲ್ಲ. 1929ರಲ್ಲಿ ಹೊಸ ಶೈಲಿಯ ಫ್ರೆಂಚ್ ಚಿತ್ರಕಾರರಾದ ಸೆಜಾನ್, ಮಾತೀಸ್ ಅಂಥವರನ್ನು ಅವರು ಕಟುವಾಗಿ ತಿರಸ್ಕರಿಸಿದ್ದರು. ನನ್ನ ದೃಷ್ಟಿಯಲ್ಲಿ ಅದು ಹಟಮಾರಿತನವೇ. ಆದರೆ ಬಡಗಿಯಾಗಿ ಬದುಕು ಆರಂಭಿಸಿದ್ದ ಚೀನೀ ಮಸಿಚಿತ್ರಕಾರ ಚೀ ಬೈಶಿಯವರನ್ನು ಕಲಾಶಾಲೆಗೆ ಕರೆತಂದು ಅಧ್ಯಾಪಕರನ್ನಾಗಿ ಕೂರಿಸಿದವರೂ ಇದೇ ಹಟಮಾರಿಯೇ.

ಮುಂದೆ ಈ ವಿಷಯಕ್ಕೆ ಮತ್ತೆ ಜಾಗ ಕೊಡುವುದಾದರೆ, ದಯವಿಟ್ಟು ಕ್ಯಾಲೆಂಡರಿನ ಕುದುರೆಯ ಬದಲು ಆ ಮುದುಕನ ಚಿತ್ರವನ್ನು ಪುಟದ ಪೂರ್ತಿ ಅಗಲಕ್ಕೆ ಮುದ್ರಿಸಿ. ಎರಡು ಕಾಲಂಗೆ ಇಳಿಸಿದರೆ ಅಗೆಯುವವರು ಇರುವೆಗಳಂತೆ ಕಂಡಾರು.

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ