ಮಗಳಿಗೊಂದು ಪತ್ರ: ಸ್ಟೂಲಿನಡಿಯ ರಟ್ಟು

ಪ್ರೀತಿಯ ಮಗಳೇ,

ಅಳಿಯಂದಿರ ಫ್ಯಾಕ್ಟರಿಗೆ ಬೀಗ ಬಿತ್ತು ಅಂತ ನೀನು ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದದ್ದು, "ಅವರ ಮನಸ್ಸಿಗೆ ನೋವಾಗದ ಹಾಗೆ ನೋಡ್ಕೋ, ನೀನೇ ಸಂಭಾಳಿಸು" ಅನ್ನುವ ಮಾತು. ನಿನಗೆ ಸಿಟ್ಟು ಬಂತು. ನೀನು ಆಸ್ಟ್ರಿಯಾದ ಮಾರಿಯೆಂತಾಲ್ ಊರಿನ ಕಥೆ ಹೇಳಿ ಫೋನ್ ಇಟ್ಟೆ. ಮೂರು ದಿನದಿಂದ ಅದೇ ತಲೆಯಲ್ಲಿದೆ.

1930ರ ಹೊತ್ತಿಗೆ ಅಲ್ಲಿನ ಬಟ್ಟೆ ಮಿಲ್ಲು ಮುಚ್ಚಿತಂತೆ. ಮಾರಿ ಯಹೋದಾ ಅನ್ನುವ ಸಂಶೋಧಕಿ ಮತ್ತು ಜೊತೆಯವರು ಹೋಗಿ, ಬೀದಿಯಲ್ಲಿ ಯಾರು ಹೇಗೆ ನಡೆಯುತ್ತಾರೆ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿದರಂತೆ. ಹತ್ತು ಗಂಡಸರಲ್ಲಿ ಒಬ್ಬ ಮಾತ್ರ ಎಲ್ಲೂ ನಿಲ್ಲದೆ ನಡೆದ. ಹೆಂಗಸರ ನಡಿಗೆ ಗಂಡಸರಿಗಿಂತ ಒಂದೂವರೆ ಪಟ್ಟು ಚುರುಕು. ಅವರಲ್ಲೂ ಅನೇಕರಿಗೆ ಮಿಲ್ಲಿನ ಕೂಲಿ ಹೋಗಿತ್ತು. ಒಲೆ, ಬಟ್ಟೆ, ಮಕ್ಕಳು ಹೋಗಿರಲಿಲ್ಲ. ಕೆಲಸವೇ ಇಲ್ಲದ ಗಂಡಂದಿರು ಮಧ್ಯಾಹ್ನದ ಊಟಕ್ಕೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. "ಅದು ನೀನೇ ಅಪ್ಪಾ" ಅಂದೆ. ಹೌದು, ನಾನೇ.

ನಮ್ಮ ಮಿಲ್ಲು ಮುಚ್ಚಿದ ಮೇಲೂ ನಾನು ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದದ್ದು, ಅಮ್ಮ ಗಾರ್ಮೆಂಟ್ಸಿಗೆ ಸೇರಿದ್ದು ನಿನಗೆ ಗೊತ್ತೇ ಇದೆ. ನನ್ನನ್ನು ಕಾಡುವುದು ಆ ಸ್ಟೂಲು. ನಿನಗಾಗ ಒಂಬತ್ತು ವರ್ಷ, ಸಿಂಕು ಎಟುಕುತ್ತಿರಲಿಲ್ಲ. ಸ್ಟೂಲು ಹತ್ತಿ ಪಾತ್ರೆ ತಿಕ್ಕುತ್ತಿದ್ದೆ. ಅದರ ಒಂದು ಕಾಲು ಗಿಡ್ಡ. ನೀನು ಬೀಳಬಾರದು ಅಂತ ನಾನೇ ರಟ್ಟು ಮಡಚಿ ಅಡಿಗೆ ಇಟ್ಟೆ. ಅದನ್ನೇ ಅಪ್ಪನ ಕಾಳಜಿ ಅಂದುಕೊಂಡಿದ್ದೆ. ನೀರು ಬಿದ್ದು ರಟ್ಟು ಮೆತ್ತಗಾದಾಗೆಲ್ಲ ಹೊಸದು ಮಡಚಿ ಇಡುತ್ತಿದ್ದೆ. ಎಷ್ಟು ಸಲ ಬದಲಿಸಿದೆನೋ. ಪಾತ್ರೆ ನಾನೇ ತಿಕ್ಕಬಹುದು ಅಂತ ಹೊಳೆಯಲಿಲ್ಲ. ಇಲ್ಲ, ಅದು ಸುಳ್ಳು. ಹೊಳೆದಿತ್ತು. ಬಾಗಿಲು ತೆರೆದಿತ್ತು, ಎದುರುಮನೆಯವರು ಜಗಲಿಯಲ್ಲಿ ಕೂತಿದ್ದರು.

ಮಿಲ್ಲಿನಲ್ಲಿ ಶಿಫ್ಟ್ ಮುಗಿಯುವಾಗ ಮಗ್ಗದಡಿಯ ಹತ್ತಿ ಧೂಳನ್ನು ದಿನಾ ಗುಡಿಸಿದವನು ನಾನು. ಅಲ್ಲಿ ಸಂಬಳವಿತ್ತು, ಹಾಗಾಗಿ ಪೊರಕೆ ಹಿಡಿದರೂ ಗಂಡಸಿನ ಕೆಲಸವೇ ಆಗಿತ್ತು. ಮನೆಯ ಪೊರಕೆ ಮಾತ್ರ ಕೈಗೆ ಬರಲಿಲ್ಲ. ಸಂಪಾದನೆ ಅಮ್ಮನ ಹೆಗಲಿಗೆ ಹೋಯಿತು, ಮನೆಗೆಲಸ ನನ್ನನ್ನು ದಾಟಿ ನಿನ್ನ ಮೇಲೆ ಬಿತ್ತು. ಆಮೇಲೆ, ಕಷ್ಟಪಟ್ಟಿದ್ದಕ್ಕೇ ನನ್ನ ಮಗಳು ಕಾಲೇಜಿನಲ್ಲಿ ಪಾಠ ಮಾಡುವ ಮಟ್ಟಕ್ಕೆ ಬಂದಳು ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡೆ. ನಿನ್ನ ಮೇಲೆ ಹೆಮ್ಮೆ ಇದ್ದೇ ಇದೆ. ಆದರೆ ಹಾಗೆ ಹೇಳಬಾರದಿತ್ತು. ಕ್ಷಮಿಸು.

ಈಗ ನನ್ನ ಮಾತು ಕೇಳು. ಮೊದಲ ವಾರದಲ್ಲೇ ಅಳಿಯಂದಿರಿಗೆ ಮನೆಯ ಒಂದು ಕೆಲಸ ಪೂರ್ತಿ ಬಿಟ್ಟುಕೊಡು, ಅಡುಗೆಯಾದರೂ ಸರಿ. "ಸ್ವಲ್ಪ ಸಹಾಯ ಮಾಡಿ" ಅನ್ನಬೇಡ. ಸಹಾಯ ಅಂದ ಕೂಡಲೇ ಕೆಲಸ ನಿನ್ನದೇ ಅಂತಾಗುತ್ತದೆ. ಅವರು ಸೀಯಿಸಿದರೆ ಸುಮ್ಮನೆ ಉಣ್ಣು. ಕೈಖರ್ಚಿಗೆ ಅವರು ನಿನ್ನನ್ನು ಕೇಳುವ ಹಾಗಾಗಬಾರದು, ದುಡ್ಡು ಇಬ್ಬರ ಕೈಗೂ ಸಿಗುವ ಕಡೆ ಇರಲಿ. ಪಿಎಫ್, ಗ್ರಾಚ್ಯುಟಿ ಕಾಗದ ಎಲ್ಲಿದೆ ವಿಚಾರಿಸು. ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾರೆ ಅಂತ...

ನೋಡು, ಮತ್ತೆ ಎಲ್ಲ ನಿನಗೇ ಹೊರಿಸುತ್ತಿದ್ದೇನೆ. ಇದನ್ನೆಲ್ಲ ಹೇಳಬೇಕಾದದ್ದು ಅವರಿಗೆ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನಾನೇ ಮಾತಾಡುತ್ತೇನೆ. ಗೇಟಿನ ಮುಂದೆ ನಿಂತವನ ಮಾತು ಅವರಿಗೆ ತಾಗಬಹುದು.

ಪುಟ್ಟಿಗೆ ಈಗ ಎಂಟು ತುಂಬಿತಲ್ಲ. ನಾನು ಬರುವವರೆಗೆ ಅವಳನ್ನು ಸಿಂಕಿನ ಹತ್ತಿರ ನಿಲ್ಲಿಸಬೇಡ.

ನಿನ್ನ
ಅಪ್ಪ