ಕೊಡೆ ನಿನ್ನದೇ ಮಾರಾಯ

ಪ್ರೀತಿಯ ಕೊಡೆ,

ನಿನ್ನನ್ನು ಹೀಗೆ ಕರೆದು ಎಷ್ಟು ವರ್ಷ ಆಯಿತು! ದುಬೈಯಲ್ಲಿ ಈಗ ಎಲ್ಲರೂ ‘ಸಾರ್’ ಅನ್ನುತ್ತಾರಂತೆ. ಮಳೆಯೇ ಇಲ್ಲದ ಊರಲ್ಲಿ ಕೊಡೆಗೆ ಎಂತ ಕೆಲಸ ಹೇಳು. ಇದನ್ನು ವಾಟ್ಸ್ಯಾಪಿನಲ್ಲಿ ನಿನಗೊಬ್ಬನಿಗೇ ಕಳಿಸಬಹುದಿತ್ತು. ಹತ್ತು ಜನರ ಎದುರು ಹಾಕುವುದಕ್ಕೆ ಕಾರಣ ಉಂಟು. (ಹೆದರಬೇಡ, ಹೆಡ್ ಮಾಷ್ಟ್ರ ಸೈಕಲ್ ಬೆಲ್ಲಿನ ವಿಷಯ ಬರೆಯುವುದಿಲ್ಲ.)

ಮೊನ್ನೆ ನಮ್ಮ ಶಾಲೆಯ ಟೀಚರ್ ತೀರಿಹೋದ ತಿಂಗಳ ಪೂಜೆಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಚರ್ಚ್ ಹಾಲಿನಲ್ಲಿ ಊಟ. ಊಟಕ್ಕೆ ಮೊದಲು ಮೈಕ್. ಗುರ್ಕಾರರು (ಚರ್ಚಿನ ವಾಳೆಯ ಮುಖಂಡರು) ಮಾತಾಡಿದರು, ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಮಾತಾಡಿದರು. ಎಲ್ಲರೂ ಸೇರಿ ಟೀಚರನ್ನು ಒಂದು ಗಂಟೆಯೊಳಗೆ ಸಂತರನ್ನಾಗಿ ಮಾಡಿದರು. ನನಗೆ ಕಿವಿ ಉರಿಯಿತು. ಅವರು ಹಿಂಡಿದ ಕಿವಿ ಅದು, ನಿನಗೆ ಗೊತ್ತುಂಟಲ್ಲ.

ಆದರೆ ಒಂದು ಮಾತು ನಿಜ, ಅವರಿಗೆ ಭಾನುವಾರ ಎಂಬುದು ಇರಲಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ಸಂಜೆ ಸಭೆಯವರ ಜೊತೆ ಬಡವರ ಮನೆಗೆ ಅಕ್ಕಿ. ಆ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಜನಂ ಎಂಬ 20 ವರ್ಷದ ಕಾಲೇಜು ಹುಡುಗ ತನ್ನ ಗೆಳೆಯರನ್ನು ಕಟ್ಟಿಕೊಂಡು ಶುರುಮಾಡಿದ್ದಂತೆ. ಆ ವಯಸ್ಸಿನಲ್ಲಿ ನಾವಿಬ್ಬರು ಏನು ಮಾಡುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕಿ ಚೀಲ ಟೀಚರೇ ಹೊರುತ್ತಿದ್ದರು. ಕೊಡುವ ಮನೆಯ ಜಗಲಿಯಲ್ಲಿ ಕೂತು, ಆ ಮನೆಯ ಮಕ್ಕಳಿಂದ ಮಗ್ಗಿ ಹೇಳಿಸದೆ ಏಳುತ್ತಿರಲಿಲ್ಲ. ಅಕ್ಕಿ ಪುಕ್ಕಟೆ ಅಲ್ಲ, ಹದಿಮೂರರ ಮಗ್ಗಿಗೆ ಸಿಗುವುದು!

ಮಾತೆ ಮರಿಯಳ ಹುಟ್ಟುಹಬ್ಬದ ಮೊಂತಿ ಫೆಸ್ತಿನ ದಿನಗಳು ನೆನಪುಂಟಾ? ಆಗಸ್ಟ್ 30ರಿಂದ ಒಂಬತ್ತು ದಿನ ಇಗರ್ಜಿಯ (ಚರ್ಚಿನ) ಮಕ್ಕಳಿಗೆ ಮಾತೆಯ ಮುಂದೆ ಹೂ ಹಾಕುವ ಸಂಭ್ರಮ. ಅವರ ಬುಟ್ಟಿಯ ದಾಸವಾಳ ಅರ್ಧಕ್ಕರ್ಧ ನಮ್ಮ ಹಿತ್ತಲಿನದು. ಟೀಚರ್ ಬೇಲಿಯ ಹೊರಗೆ ನಿಂತು, ಬೈಯುತ್ತಲೇ, ಮೊಗ್ಗು ಕೀಳಬೇಡಿ ಅಂತ ಹೇಳುತ್ತಲೇ ಸೆರಗು ಒಡ್ಡುತ್ತಿದ್ದರು. 8ನೇ ತಾರೀಕು ತೆನೆಯ ಆಶೀರ್ವಾದ ಆದ ಮೇಲೆ ನಮಗೂ ಒಂದೊಂದು ಕಬ್ಬು. ಈ ಹಬ್ಬ 1763ರಲ್ಲಿ ಮಂಗಳೂರು ಹತ್ತಿರದ ಫರಂಗಿಪೇಟೆಯ ಗುಡ್ಡದ ಇಗರ್ಜಿಯಲ್ಲಿ ಪಾದ್ರಿ ಮಿರಾಂದರು ಶುರುಮಾಡಿದ್ದು, ಮೊಂತಿ ಅಂದರೆ ಗುಡ್ಡ ಅಂತ ಟೀಚರ್ ಹೇಳುವಾಗ ನಮ್ಮ ಕಣ್ಣೆಲ್ಲ ಕಬ್ಬಿನ ಗಂಟಿನ ಮೇಲೆ. ನಿಮ್ಮ ಪುದ್ವಾರ್, ನಮ್ಮ ನೊವೆಂ, ಎರಡೂ ಹೊಸ ಅಕ್ಕಿಯ ಊಟವೇ ಎಂದಿದ್ದೂ ಅವರೇ. ಅದು ಮಾತ್ರ ತಲೆಗೆ ಹೋಯಿತು. ಊಟದ ವಿಷಯ ಅಲ್ವಾ.

ಇರಲಿ. ಮೈಕ್ ನನ್ನ ಕೈಗೆ ಬಂತು. ಹಳೆ ವಿದ್ಯಾರ್ಥಿ ಅಂತ ಕರೆದದ್ದು. ಎದುರಿಗೆ ಅವರ ಫೋಟೋ, ಪಕ್ಕದಲ್ಲಿ ಅವರ ತಂಗಿ. ಏನಾದರೂ ಹೇಳಬೇಕಿತ್ತು. ನಾನು ಸಂಕದ ಕತೆ ಹೇಳಿದೆ.

ನಿನ್ನ ಕತೆ, ಮಾರಾಯ. ಮೂರನೇ ಕ್ಲಾಸು, ಆಟಿ ಮಳೆ, ತೋಡು ತುಂಬಿದ್ದು, ಗಾಳಿಗೆ ಮಗುಚಿ ನೀರಿಗೆ ಬಿದ್ದ ಕೊಡೆ, ಅದರ ಹಿಂದೆ ಹಾರಲು ಹೊರಟ ಹುಡುಗ, ಕಾಲರ್ ಹಿಡಿದು ಎಳೆದ ಟೀಚರ್, ಸೊಂಟದ ಮೇಲೆ ಕೂರಿಸಿಕೊಂಡು ಕಾಲುಸಂಕ ದಾಟಿಸಿದ್ದು. ಎಲ್ಲ ಹೇಳಿದೆ. ಹುಡುಗ ನಾನು ಅಂತ ಹೇಳಿದೆ. ಆ ದಿನ ನಾನು ಜ್ವರ ಬಂದು ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ.

ಜನ ಕಣ್ಣು ಒರೆಸಿಕೊಂಡರು. ಊಟಕ್ಕೆ ಕೂತಾಗ ತಂಗಿ ಬಂದು ನನ್ನ ಕೈ ಹಿಡಿದರು. “ಆ ಕೊಡೆ ಹುಡುಗ ನೀವೇನಾ? ಅಕ್ಕ ಕೊನೆಯವರೆಗೂ ಹೇಳುತ್ತಿದ್ದಳು, ಎಲ್ಲಿದ್ದಾನೋ ಅಂತ.”

ನಾನು ಹೌದು ಅಂದೆ.

ನನ್ನದೇ ಒಂದು ನೆನಪು ಇರಲಿಲ್ಲವಾ ಅಂತ ಕೇಳುತ್ತೀಯ. ಇತ್ತು. ಅವರು ತುಟಿಯ ಮುಂದೆ ಕಾಗದದ ಚೀಟಿ ಹಿಡಿದು ‘ಫಲ’ ಅನ್ನಿಸುತ್ತಿದ್ದರಲ್ಲ? ಚೀಟಿ ಹಾರಿದರೆ ಮಹಾಪ್ರಾಣ, ಹಾರದಿದ್ದರೆ ‘ಪಲ’. ಮನೆಯಲ್ಲಿ ತುಳು ಮಾತಾಡುವ ನಮ್ಮ ಬಾಯಿಗೆ ಅದು ಸುಲಭವಾ? ಒಂದು ದಿನ ನಾನು ಬೆಂಚು ಹತ್ತಿ, ಚೀಟಿ ಹಿಡಿದು, ಅವರ ಹಾಗೇ ಕತ್ತು ಕೊಂಕಿಸಿ, ಅವರ ಕೊಂಕಣಿ ರಾಗದಲ್ಲೇ ಆಟ ಕಟ್ಟಿದೆ. ನೀನೇ ಜಾಸ್ತಿ ನಕ್ಕದ್ದು. ಅವರು ಬಾಗಿಲಲ್ಲಿದ್ದರು. ಬೈಯಲಿಲ್ಲ, ಕಿವಿಯೂ ಹಿಂಡಲಿಲ್ಲ. ಕುರ್ಚಿಯಲ್ಲಿ ಕೂತು ಹಾಜರಿ ಕರೆದರು.

ಆಮೇಲೆ ಆ ಚೀಟಿ ಹೊರಗೆ ಬರಲೇ ಇಲ್ಲ. ನೀನು ಗಮನಿಸಿದ್ದೆಯಾ? ನನ್ನ ತಮ್ಮ ನಮಗಿಂತ ಮೂರು ವರ್ಷ ಚಿಕ್ಕವನು, ಅದೇ ಕ್ಲಾಸಿನಲ್ಲಿ ಕೂತವನು. ಅವನಿಗೆ ಚೀಟಿಯ ವಿಷಯವೇ ಗೊತ್ತಿಲ್ಲ. ಹೋದ ವಾರ ಕೇಳಿದೆ. “ಎಂತ ಚೀಟಿ?” ಅಂದ. ಇವತ್ತಿಗೂ ‘ಬಾರತ’ ಅನ್ನುತ್ತಾನೆ. ನಾನು ಅವನನ್ನು ಅಣಕಿಸುತ್ತೇನೆ, ನೋಡು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಕತೆ ಕದ್ದದ್ದು ಮಾತ್ರ ಹೇಳಿ ಮುಗಿಸುವ ಅಂತಿದ್ದೆ. ಮೈಕಿನಲ್ಲಿ ಹೇಳಿದ ಸುಳ್ಳನ್ನು ನಿನ್ನ ಕಿವಿಯಲ್ಲಿ ಮಾತ್ರ ಒಪ್ಪಿಕೊಂಡರೆ ಸಾಲದು ಅಂತ ಅನಿಸಿತು. ಈಗ ಕೆಳಗೆ ನಾಲ್ಕು ಜನ ಅಳುವ ಮುಖ ಹಾಕುತ್ತಾರೆ, ನಾನು ಅದನ್ನೂ ಎಣಿಸುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಿಲ್ಲದ್ದಾ?

ಅವರ ತಂಗಿಯ ನಂಬರ್ ನಿನಗೆ ಬೇರೆ ಕಳಿಸುತ್ತೇನೆ. ಸಂಜೆ ಹೊತ್ತಿಗೆ ಮಾಡು, ಜೋರಾಗಿ ಮಾತಾಡು, ಅವರಿಗೆ ಕಿವಿ ಸ್ವಲ್ಪ ಮಂದ. ಕೊಡೆ ನಿನ್ನದೇ ಅಂತ ಹೇಳು. ಆ ಸುಳ್ಳ ಯಾರು ಅಂತ ಕೇಳಿದರೆ ನನ್ನ ಹೆಸರೂ ಹೇಳು. ಅದರಲ್ಲೊಂದು ಮಹಾಪ್ರಾಣ ಉಂಟು, ನುಂಗಬೇಡ.

ನಿನ್ನ,
ಬೆಂಚು ಹತ್ತಿದವನು